ಬಗ್ಗಿದರೂ ಜಾರದ ಕನ್ನಡಕ

ಶಿರಾಲಿಯಲ್ಲಿ ನಮ್ಮ ಪಕ್ಕದ ಮನೆಯ ಗಂಗಕ್ಕ ಮಲ್ಲಿಗೆ ಕಟ್ಟುವುದರಲ್ಲಿ ಎಷ್ಟು ಗಟ್ಟಿಗಿತ್ತಿಯೋ ಹಟದಲ್ಲೂ ಅಷ್ಟೇ. ಅವಳ ದಂಡೆಯಲ್ಲಿ ಮೊಗ್ಗುಗಳ ನಡುವೆ ಬಾಳೆನಾರು ಕಾಣುತ್ತಿರಲಿಲ್ಲ. ಭಟ್ಕಳದ ಹೂವಿನ ವ್ಯಾಪಾರಿ ಮೋಹನ ಉಳಿದವರ ದಂಡೆಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದ. ಇವಳದನ್ನು ಮಾತ್ರ ನೋಡದೆ ಬುಟ್ಟಿಗೆ ಹಾಕಿಕೊಳ್ಳುತ್ತಿದ್ದ. ಅವಳಿಗೆ ಅದೇ ದೊಡ್ಡ ಮರ್ಯಾದೆ.

2003ರ ಬೇಸಿಗೆಯಲ್ಲಿ ಒಂದು ದಿನ ಆ ದಂಡೆ ವಾಪಸು ಬಂತು. ನಡುನಡುವೆ ಹುಳ ಕಡಿದ ಮೊಗ್ಗುಗಳಿದ್ದವು. ಗಂಗಕ್ಕನಿಗೆ ಚಾಳೀಸು ಬಂದು ವರ್ಷವಾಗಿತ್ತು. ಕೈ ತಾನಾಗಿ ಕಟ್ಟುತ್ತಿತ್ತು, ಕಂದು ಚುಕ್ಕೆ ಕಣ್ಣಿಗೆ ಬೀಳುತ್ತಿರಲಿಲ್ಲ. ಅವತ್ತು ಅವಳು ಊಟ ಮಾಡಲಿಲ್ಲ.

ಮರುದಿನದಿಂದ ಸೊಸೆ ರೇಖಾ, ಅತ್ತೆ ಕಟ್ಟಲು ಕೂರುವ ಮೊದಲು ಕೊಟ್ಟಿಗೆಯಲ್ಲಿದ್ದಾಗ, ಕೆಟ್ಟ ಮೊಗ್ಗುಗಳನ್ನು ಗುಟ್ಟಾಗಿ ಆರಿಸಿ ತೆಗೆಯತೊಡಗಿದಳು. ದಂಡೆ ಮತ್ತೆ ವಾಪಸಾಗಲಿಲ್ಲ.

"ಕಂಡ್ರ ಅಕ್ಕೋರೆ? ನನ್ನ ಕಣ್ಣಿಗೆ ಎಂತಾ ಆಗ್ಲಿಲ್ಲ" ಎಂದು ಗಂಗಕ್ಕ ನನ್ನೆದುರು ಬೀಗಿದಳು. ಶಾಲೆಯಲ್ಲಿ ಮಕ್ಕಳನ್ನು ಗದರಿಸುವ ನನಗೆ ಇವಳನ್ನು ಗದರಿಸಲಾಗಲಿಲ್ಲ. ಗುಟ್ಟು ಬಿಟ್ಟುಕೊಡಬಾರದೆಂದು ರೇಖಾ ನನ್ನಿಂದ ಆಣೆ ಹಾಕಿಸಿಕೊಂಡಿದ್ದಳು.

ಆದರೆ ರೇಖಾ ಏಳು ತಿಂಗಳ ಬಸುರಿ. ಮುಂದಿನ ವಾರ ಮಂಕಿಯ ತವರಿಗೆ ಹೊರಡುವವಳು. ಆಮೇಲೆ ಮೊಗ್ಗು ಆರಿಸುವವರು ಯಾರು? ನನ್ನ ಕನ್ನಡಕ ರಿಪೇರಿಯ ನೆಪ ಹೇಳಿ ಅತ್ತೆ ಸೊಸೆ ಇಬ್ಬರನ್ನೂ ಭಟ್ಕಳದ ಟೆಂಪೋ ಹತ್ತಿಸಿದೆ.

ನಾನು ಕೇಳಿಕೊಂಡಂತೆ ಕನ್ನಡಕದ ಅಂಗಡಿಯ ಸಾಹೇಬರು ಗಂಗಕ್ಕನ ಕೈಗೂ ಸಣ್ಣಕ್ಷರದ ಕಾರ್ಡು ಕೊಟ್ಟರು. "ನಂಗೆ ಓದುಕೆ ಬತ್ತಿಲ್ಲ" ಎಂದವಳೇ ಮುಡಿಯಿಂದ ಒಂದು ಮೊಗ್ಗು ತೆಗೆದು ಅಂಗೈಯಲ್ಲಿಟ್ಟುಕೊಂಡಳು. ಸಾಹೇಬರು ನಗುತ್ತ ಗಾಜು ಬದಲಿಸಿದರು. ಮೂರನೆಯ ಗಾಜಿಗೆ ಅವಳು ಮೊಗ್ಗಿನ ಮೇಲಿನ ಕಂದು ಚುಕ್ಕೆಯನ್ನು ಉಗುರಿನಿಂದ ಮುಟ್ಟಿದಳು. ಆಮೇಲೆ ಮೆಲ್ಲಗೆ, "ಫ್ರೇಮು ತೋರ್ಸಿ" ಎಂದಳು.

ರೇಖಾ ಬಂಗಾರ ಬಣ್ಣದ ಫ್ರೇಮು ಹಾಕಿಸಿ ಕನ್ನಡಿ ಹಿಡಿದಳು. ಗಂಗಕ್ಕ ಕನ್ನಡಿ ಸರಿಸಿ, ಕುತ್ತಿಗೆ ಬಗ್ಗಿಸಿ, ಮಡಿಲಲ್ಲಿ ಇಲ್ಲದ ಹೂವನ್ನು ಕಟ್ಟತೊಡಗಿದಳು. ಫ್ರೇಮು ಮೂಗಿನ ತುದಿಗೆ ಜಾರಿತು. ಹೀಗೆ ಆರು ಜಾರಿದವು. ಏಳನೆಯದು ಕಿವಿಗೆ ಸುತ್ತಿಕೊಳ್ಳುವ ತಂತಿಯದ್ದು, ಅಲುಗಲಿಲ್ಲ.

"ಅತ್ತೆ, ಇದು ಅಜ್ಜನ ಕಾಲದ್ದು!"

"ನಂಗೇನು ಮದ್ವಿಯಾ? ಇದೇ ಆತು."

ಕನ್ನಡಕ ಬಂದ ಮರುದಿನ ಬೆಳಿಗ್ಗೆಯೇ ರೇಖಾ ಹೊರಡಬೇಕಿತ್ತು. ಗಂಗಕ್ಕ ಅದನ್ನು ಹಾಕಿಕೊಂಡು ಕೊಟ್ಟಿಗೆಯಿಂದ ಬೇಗ ಬಂದಳು. ಜಗಲಿಯಲ್ಲಿ ಸೊಸೆಯ ಮಡಿಲ ತುಂಬ ಹುಳ ಕಡಿದ ಮೊಗ್ಗು.

"ಎಷ್ಟು ದಿನದಿಂದ?"

"ದಂಡೆ ವಾಪಸು ಬಂದ ಮರುದಿನದಿಂದ, ಅತ್ತೆ."

ಬೇಲಿಯಾಚೆ ನಿಂತ ನಾನು ಜಗಳವಾದೀತೆಂದು ಕಾದೆ. ಗಂಗಕ್ಕ ಕನ್ನಡಕ ತೆಗೆದು ಸೆರಗಿನಿಂದ ಕಣ್ಣೊರೆಸಿಕೊಂಡಳು, ಮತ್ತೆ ಹಾಕಿಕೊಂಡು ಕಟ್ಟಲು ಕೂತಳು. ಅವತ್ತಿನ ಮೊದಲ ದಂಡೆ ಮೋಹನನ ಬುಟ್ಟಿಗೆ ಹೋಗಲಿಲ್ಲ. ಹೊರಟು ನಿಂತ ಸೊಸೆಯ ಕೈಗೆ ಬಂತು. ರೇಖಾ ಅಭ್ಯಾಸಬಲದಿಂದ ಅದನ್ನು ಕಣ್ಣ ಹತ್ತಿರ ಹಿಡಿದಳು.

"ನೋಡುದು ಬ್ಯಾಡ. ನಾ ನೋಡಿಯೇ ಕಟ್ಟಿದ್ದೆ."

ರೇಖಾ ನೋಡದೆಯೇ ಮುಡಿದುಕೊಂಡಳು.