ಸುಮಿತ್ರಾಬಾಯಿಯವರು ತೆಗೆದ ಅರವತ್ತಮೂರು ಮುಖಗಳು

ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳಲ್ಲಿ ಸರಕಾರಿ ಕ್ಯಾಮೆರಾ ಹಿಡಿದು ತಿರುಗಿದ ಶ್ರೀಮತಿ ಸುಮಿತ್ರಾಬಾಯಿಯವರು ನಮ್ಮ ಭಾಗದ ಛಾಯಾಗ್ರಾಹಕರಲ್ಲಿ ಮೊದಲ ಪಂಕ್ತಿಗೆ ಸಲ್ಲತಕ್ಕವರು. ಇಪ್ಪತ್ತೈದು ವರ್ಷಗಳ ಸೇವೆ ಮುಗಿಸಿ, ೧೯೯೮ರ ಈ ಜೂನ್ ಕೊನೆಗೆ ಅವರು ನಿವೃತ್ತರಾಗುತ್ತಿದ್ದಾರೆ.

ಸರಕಾರಿ ಕಚೇರಿಯಲ್ಲಿ ಫೋಟೊ ತೊಳೆಯುವ ಕೆಲಸಕ್ಕೆ ಸೇರಿದ ಅವರ ಕೈಗೆ ಕ್ಯಾಮೆರಾ ಬರಲು ಆರು ವರ್ಷ ಹಿಡಿಯಿತು. ಹವಳಗಾದ ಸಭೆಯೊಂದರ ದಿನ ಛಾಯಾಗ್ರಾಹಕರು ಜ್ವರದಿಂದ ಮಲಗಿದಾಗ ಬಾಯಿಯವರನ್ನು ಕಳಿಸಲಾಯಿತು. ಸಾಹೇಬರ ಹಾರ-ತುರಾಯಿಯ ಫೋಟೊ ತೆಗೆದ ಮೇಲೆ ಉಳಿದ ರೀಲನ್ನು ಅವರು ಕಬ್ಬು ಕಡಿಯುವ ಹೆಂಗಸರಿಗೆ ಮೀಸಲಿಟ್ಟರು. ಕಚೇರಿಯ ಗೋಡೆಗೆ ಏರಿದ್ದು ಆ ಹೆಂಗಸರ ಚಿತ್ರವೇ.

೧೯೯೫ರಲ್ಲಿ ಮಾದನಹಿಪ್ಪರಗಾದಲ್ಲಿ ಅಧಿಕಾರಿಗಳು ಮತದಾರರ ಗುರುತಿನ ಚೀಟಿ ಹಂಚುತ್ತಿದ್ದಾಗ ಅದರ ಫೋಟೊ ತೆಗೆಯಲು ಬಾಯಿಯವರೂ ಅಲ್ಲಿದ್ದರು. ಚೀಟಿಯ ಫೋಟೊ ತೆಗೆದ ಗುತ್ತಿಗೆದಾರನ ಆಳು ಬಿಸಿಲ ಬಾಗಿಲಿಗೆ ಬೆನ್ನು ಮಾಡಿಸಿ ಕೂಡಿಸಿದ್ದರಿಂದ ಅರವತ್ತಮೂರು ಹೆಂಗಸರ ಮುಖ ಮಸಿಯಾಗಿತ್ತು. ರೊಟ್ಟಿ ಮಾರಿ ಬದುಕುವ ಪ್ಯಾರಿಬಿ ಚೀಟಿಯನ್ನು ಮೇಜಿನ ಮೇಲೆ ಒಗೆದಳು.

“ಯಾರ ಫೋಟೊರಿ ಇದು? ನಮ್ಮ ಮನಿ ಆಡೂ ನನ್ನ ಗುರುತು ಹಿಡಿಯಂಗಿಲ್ಲ!”

“ಹೆಸರು ಬರದದಲ್ಲ, ಸಾಕು ಬಿಡ್ರಿ,” ಎಂದರು ಅಧಿಕಾರಿಗಳು.

ಎಂದೂ ಎದುರಾಡದ ಬಾಯಿಯವರಿಗೆ ಅಂದು ತಡೆಯಲಾಗಲಿಲ್ಲ. “ಫೋಟೊ ಛಲೋ ಆಗ್ಯದ ಅನ್ನಬೇಕಾದ್ರ ಆಕಿಗೆ ಆಕಿ ಗುರುತು ಸಿಗಬೇಕ್ರಿ, ಸಾಹೇಬ್ರ. ನನಗ ಒಂದು ದಿನ ಕೊಡ್ರಿ.”

ಸಂಜೆಯೊಳಗೆ ಮುಗಿಯದಿದ್ದರೆ ಹಳೆಯ ಚೀಟಿಗಳೇ ಖಾಯಂ ಎಂಬ ಷರತ್ತಿನ ಮೇಲೆ ಒಪ್ಪಿಗೆ ಸಿಕ್ಕಿತು.

ಬಾಯಿಯವರು ಗಂಡಸರನ್ನು ಹೊರಗೆ ಕಳಿಸಿ, ಖುರ್ಚಿಯನ್ನು ಬೆಳಕಿನ ಕಡೆಗೆ ತಿರುಗಿಸಿದರು. “ಹಿಟ್ಟು ಹೆಂಗ ನಾದ್ತಿ ಹೇಳವಾ,” ಎಂದು ಪ್ಯಾರಿಬಿಯನ್ನು ಕೇಳಿದರು. ತಲೆ ತಗ್ಗಿಸಿ ಕುಳಿತವಳು ಇಷ್ಟೂ ತಿಳಿಯದೇ ಎಂದು ನಗುತ್ತ ಮುಖ ಎತ್ತಿದ್ದೇ ತಡ, ಕ್ಯಾಮೆರಾ ಕ್ಲಿಕ್ಕೆಂದಿತು. ಒಬ್ಬೊಬ್ಬರಿಗೂ ಅವರವರ ಬದುಕಿನ ಮಾತು ತೆಗೆದು, ಹೊತ್ತು ಮುಳುಗುವ ಮೊದಲು ಅರವತ್ತಮೂರನ್ನೂ ಮುಗಿಸಿದರು.

ಮರುವರ್ಷದ ಮತದಾನದಲ್ಲಿ, “ಈ ಹೆಸರಿನಾಕಿ ಸತ್ತು ಹೋಗ್ಯಾಳ,” ಎಂದು ಏಜೆಂಟನೊಬ್ಬ ತಕರಾರು ತೆಗೆದ. ಪ್ಯಾರಿಬಿ ಹೊಸ ಚೀಟಿಯನ್ನು ಕೆನ್ನೆಗೆ ಹಚ್ಚಿ ಹಿಡಿದು, “ನೋಡ್ರಿ, ಯಾರು ಸತ್ತಾರ?” ಎಂದಳು. ಮತಗಟ್ಟೆಯ ಅಧಿಕಾರಿ ಎರಡನ್ನೂ ನೋಡಿ ಆಕೆಯ ಬೆರಳಿಗೆ ಶಾಯಿ ಹಚ್ಚಿದರು. ಮರುದಿನ ಅವಳು ರೊಟ್ಟಿ ಗಂಟು ಕಟ್ಟಿಕೊಂಡು ಬಸ್ಸಿನಲ್ಲಿ ಆಳಂದಕ್ಕೆ ಬಂದು, “ಬಾಯಾರ, ಹಾಕಿ ಬಂದೇನ್ರಿ!” ಎಂದು ಆ ಬೆರಳು ತೋರಿಸಿದಾಗ ಬಾಯಿಯವರ ಕಣ್ಣು ತುಂಬಿದವು.

ಒಂದೇ ದಿನ ಕೊಟ್ಟಿದ್ದ ಅದೇ ಅಧಿಕಾರಿಗಳು, ಕೊಳಕೂರಿನ ಚೀಟಿಗಳ ಸರದಿ ಬಂದಾಗ ತಾವಾಗಿಯೇ ಬಾಯಿಯವರನ್ನು ಕರೆಸಿದರು.

ನಿವೃತ್ತಿಯ ನಂತರಕ್ಕೆಂದು ಅಫಜಲಪುರದಲ್ಲಿ ಕೋಣೆ ಹಿಡಿದಿರುವ ಬಾಯಿಯವರಲ್ಲಿ ಫೋಟೊ ಕಲಿಯಲು ಆಗಲೇ ಹನ್ನೊಂದು ಹುಡುಗಿಯರು ಹೆಸರು ಹಚ್ಚಿದ್ದಾರೆ. ಬಾಯಿಯವರ ಕಣ್ಣು ಮಂಜಾಗದಿರಲಿ, ಕೈ ನಡುಗದಿರಲಿ. ಆ ಹುಡುಗಿಯರ ಮಕ್ಕಳಿಗೂ ಕಲಿಸುವಷ್ಟು ಆಯುಷ್ಯ ಅವರಿಗಿರಲಿ.