ಕಿಟಕಿಯಲ್ಲಿ ಅವನ ಎದೆ

ಅಡುಗೆಮನೆಯ ಕಿಟಕಿ ಗಾಜು ಒಡೆದು ಗಾಳಿ ನುಗ್ಗುತ್ತಿತ್ತು. ಆ ಬೆಳಿಗ್ಗೆ ಅವನು ಆ ಜಾಗಕ್ಕೆ ತನ್ನ ಎದೆಯ ಎಕ್ಸ್‌ರೇ ಫಿಲಂ ಇಟ್ಟು ಸಣ್ಣ ಮೊಳೆ ಹೊಡೆದ.

“ಬೇರೆ ಫಿಲಂ ಇರ್ಲಿಲ್ವೇನ್ರೀ? ಒಲೆ ಮುಂದೆ ನಿಂತು ನಿಮ್ಮ ಪಕ್ಕೆಲುಬು ಎಣಿಸ್ತಾ ಇರ್ಬೇಕಾ?” ಎಂದಳು ಹೆಂಡತಿ.

“ಎಣಿಸು. ಹೊಟ್ಟೆಗೆ ಸರಿಯಾಗಿ ಹಾಕ್ತಿದ್ಯೋ ಇಲ್ವೋ ಗೊತ್ತಾಗುತ್ತೆ.” ನಕ್ಕ. ನಗು ಕೆಮ್ಮಿಗೆ ತಿರುಗಿತು.

ಅವನು ಆಸ್ಪತ್ರೆಯಲ್ಲಿ ಫಿಲಂ ತೊಳೆಯುತ್ತಿದ್ದವನು. ಎಲ್ಲರ ಬಾಯಲ್ಲೂ ಕತ್ತಲಪ್ಪ. ಕೆಂಪು ದೀಪದ ಕೋಣೆಯಲ್ಲಿ ಫಿಲಂ ಮದ್ದಿಗೆ ಅದ್ದಿ, ನೀರಲ್ಲಿ ಜಾಲಿಸಿ, ಒಣಹಾಕುವುದರಲ್ಲೇ ಆಯಸ್ಸು ಕಳೆದ. ಕೈಯ ಹುಳಿ ವಾಸನೆ ಯಾವ ಸೋಪಿಗೂ ಹೋಗಲಿಲ್ಲ. ಹಳೆ ಫಿಲಂನ ಕಪ್ಪು ತೊಳೆದು ಕಿಟಕಿಗೆ ಹಾಕುವುದು ಆ ಕೆಲಸದವರ ಮನೆಗಳಲ್ಲೆಲ್ಲ ಇತ್ತು. ತೊಳೆಯದೆ ಹಾಕಿದವನು ಇವನೊಬ್ಬನೇ. ತನ್ನ ಎದೆ ಊರಿಗೆಲ್ಲ ತೋರಿಸಬೇಕಿತ್ತು.

ಅದಕ್ಕೆ ಕಾರಣ ಆಸ್ಪತ್ರೆಯ ಹೊಸ ಎಕ್ಸ್‌ರೇ ಯಂತ್ರ. ಅದು ಬಂದ ಮೇಲೆ ಫಿಲಂ ಬೇಡ, ಮದ್ದು ಬೇಡ. ಹಲಗೆಯ ಮುಂದೆ ನಿಂತರೆ ರೆಪ್ಪೆ ಬಡಿಯುವಷ್ಟರಲ್ಲಿ ಚಿತ್ರ ಕಂಪ್ಯೂಟರಿಗೆ ಬರುತ್ತದೆ. ಮಸುಕಾಗಿದ್ದರೆ ಬೆಳಕು ಏರಿಸಿ ಇಳಿಸಿ ನೋಡಬಹುದು. ಕತ್ತಲಪ್ಪನನ್ನು ಚೀಟಿ ಕೊಡಲು ಬಾಗಿಲಲ್ಲಿ ಕೂರಿಸಿದರು.

ಕೆಮ್ಮು ಹತ್ತಿದಾಗ ಆ ಯಂತ್ರದ ಹುಡುಗಿ ಕರೆದಿದ್ದಳು. “ಬನ್ನಿ ಅಣ್ಣ, ಒಂದು ತೆಗೀತೀನಿ.”

“ಬೇಡಮ್ಮ. ನಿನ್ನ ಯಂತ್ರ ಗಳಿಗೆಗೊಂದು ಮುಖ ತೋರಿಸುತ್ತೆ. ಫಿಲಂದು ಒಂದೇ ಮಾತು.”

ಮೂಲೆಗೆ ತಳ್ಳಿದ್ದ ಹಳೆ ಯಂತ್ರದ ಮುಂದೆ ನಿಂತು ಕಾವಲುಗಾರನ ಕೈಲಿ ಗುಂಡಿ ಒತ್ತಿಸಿದ. ಹಳಸಿದ ಮದ್ದಿನಲ್ಲಿ ತಾನೇ ತೊಳೆದ. ಡಾಕ್ಟರಿಗೆ ತೋರಿಸದೆ ಮನೆಗೆ ತಂದು ಬೆಳಕಿಗೆ ಹಿಡಿದ.

“ಲೋಕದ ಎದೆಯೆಲ್ಲ ನೋಡಿದೀನಿ. ನಂದು ನೋಡೋಕೆ ಡಾಕ್ಟರ್ ಬೇಕಾ? ಏನೂ ಇಲ್ಲ ಕಣೇ, ಕನ್ನಡಿ ಹಾಗಿದೆ.”

ಅಷ್ಟು ದಿನ ಡಾಕ್ಟರಿಗೆ ತೋರಿಸಿ ಎಂದು ಪ್ರಾಣ ತಿಂದ ಹೆಂಡತಿ ಅವತ್ತಿಗೆ ಬಾಯಿ ಮುಚ್ಚಿದಳು.

ಕಿಟಕಿಗೆ ಮೊಳೆ ಹೊಡೆದ ಮಾರನೆಯ ದಿನ ಆಸ್ಪತ್ರೆಯ ಬಾಗಿಲಲ್ಲೇ ರಕ್ತ ಕಾರಿದ. ಹೆಂಡತಿ ಓಡಿ ಹೋಗುವಷ್ಟರಲ್ಲಿ ಅದೇ ಹುಡುಗಿ ಅವನನ್ನು ಹಲಗೆಯ ಮುಂದೆ ನಿಲ್ಲಿಸಿದ್ದಳು. ಚಿತ್ರ ಬಂತು. ಹುಡುಗಿ ಬೆಳಕು ತಿದ್ದಿದಳು. ನಿಂಬೆಹಣ್ಣಿನಷ್ಟು ಗಡ್ಡೆ.

“ಹೃದಯದ ಹಿಂದೆ ಅಡಗಿದೆ ಕಣಮ್ಮ,” ಎಂದರು ಡಾಕ್ಟರು. “ಮಸುಕು ಫಿಲಂನಲ್ಲಿ ಅಲ್ಲಿ ಬರೀ ಬಿಳಿ ಕಾಣುತ್ತೆ. ಕೆಮ್ಮು ಶುರುವಾದಾಗಲೇ ಇದರಲ್ಲಿ ತೆಗೆಸಿದ್ರೆ…”

ಕತ್ತಲಪ್ಪ ಚಿತ್ರವನ್ನೇ ನೋಡುತ್ತ ನಿಂತ. “ಚೆನ್ನಾಗಿ ಬಂದಿದೆ ಕಣಮ್ಮ,” ಎಂದ. ಹುಡುಗಿಗೆ. ಆಮೇಲೆ ಹೆಚ್ಚು ದಿನ ಉಳಿಯಲಿಲ್ಲ.

ಮಣ್ಣು ಮಾಡಿ ಬಂದವರು, ಎಂಥ ಕೆಲಸಗಾರ, ಎಂಥ ಕಣ್ಣು ಅಂದರು.

“ಹೌದು,” ಅಂದಳು ಅವಳು. “ಆ ಕಣ್ಣಿಗೆ ತಾನೇ ಮಣ್ಣೆರಚಿಕೊಂಡ.”

ನಾದಿನಿ ಕಿಟಕಿ ನೋಡಿ ಸೆರಗು ಬಾಯಿಗೆ ಹಿಡಿದಳು. “ಅತ್ತಿಗೆ, ಅದನ್ನ ಕಿತ್ತುಹಾಕಿ. ಗಾಜು ಹಾಕಿಸೋಣ.”

“ಇರಲಿ ಬಿಡು. ಗಾಳಿನಾದ್ರೂ ತಡೀಲಿ.”

ಒಲೆಯ ಜಿಡ್ಡು ಅದರ ಮೇಲೆ ಕೂರುತ್ತದೆ. ದಿನಾ ಬೆಳಿಗ್ಗೆ ಒಲೆ ಹಚ್ಚುವ ಮೊದಲು ಅವಳು ಒದ್ದೆ ಬಟ್ಟೆ ಹಿಂಡಿ ಫಿಲಂ ಒರೆಸುತ್ತಾಳೆ. ಮೊದಲು ಪಕ್ಕೆಲುಬು. ಆಮೇಲೆ ಹೃದಯದ ಬಿಳಿ. ಅಲ್ಲಿ ಸ್ವಲ್ಪ ಒತ್ತಿ ಒರೆಸುತ್ತಾಳೆ.