ಅರಗಿನ ಮುದ್ರೆ ಕಾಯ್ದ ಮಾವ

ಹಳೇ ಟೈರು ಕರಗಿಸಿ ಎಣ್ಣೆ ತೆಗೆಯುವ ಕಾರ್ಖಾನೆಯ ಹೊಗೆಗೆ ನಮ್ಮ ಓಣಿಯ ಬಟ್ಟೆಬರೆಯೆಲ್ಲ ಮಸಿ ಹಿಡಿದ ಮೇಲೆ ಸರ್ಕಾರಕ್ಕೆ ಎಚ್ಚರವಾಯಿತು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕುವವರು ನಮ್ಮವರು. ಮುಂಬಾಗಿಲಿಗೆ ಬೀಗ ಜಡಿದು, ಅದರ ಮೇಲೆ ಅರಗಿನ ಮುದ್ರೆ ಒತ್ತಿದರು. ಮುದ್ರೆ ಕಾಯಲು ಮಾಲಿನ್ಯ ಇಲಾಖೆಯ ಕಾವಲುಗಾರನಾಗಿದ್ದ ನಮ್ಮ ಸೋದರಮಾವನನ್ನು ಕೂರಿಸಿದರು.

ಮಾವ ಕೆಲಸದಲ್ಲಿ ಬಲು ಕಟ್ಟುನಿಟ್ಟು. ಬಿಸಿಲಿಗೆ ಅರಗು ಕರಗೀತೆಂದು ಮನೆಯ ಒಂದೇ ಕೊಡೆಯನ್ನು ಬೀಗಕ್ಕೆ ಹಿಡಿದು, ತಾನು ಬಿಸಿಲಲ್ಲಿ ಬೇಯುತ್ತಿದ್ದ. ಕಾರ್ಖಾನೆಯ ಕೆಲಸಗಾರರು ಬೆಳಿಗ್ಗೆ ಅವನಿಗೆ ನಮಸ್ಕಾರ ಹೇಳಿ, ಗೋಡೆ ಬಳಸಿಕೊಂಡು ಹಿಂಬಾಗಿಲಿಂದ ಒಳಗೆ ಹೋಗುತ್ತಿದ್ದರು. ಆದೇಶದಲ್ಲಿ ಹಿಂಬಾಗಿಲಿನ ಮಾತೇ ಇರಲಿಲ್ಲ. ಕುಲುಮೆ ಮೊದಲಿನಂತೆಯೇ ಉರಿಯುತ್ತಿತ್ತು.

ಕಾರ್ಖಾನೆಯ ಗೋಡೆಗೆ ಅಂಟಿಕೊಂಡೇ ಮಾವನ ಮನೆ. ಅತ್ತೆಗೆ ಉಬ್ಬಸ. ಮಲಗಿದರೆ ಉಸಿರು ಸಿಗದು, ಗೋಡೆಗೊರಗಿ ಕೂತೇ ನಿದ್ದೆ. ಇನ್ನೊಂದು ಚಳಿಗಾಲ ಈ ಹೊಗೆ ಕುಡಿದರೆ ಉಳಿಯುವುದಿಲ್ಲವೆಂದು ಡಾಕ್ಟರು ಮುಖಕ್ಕೆ ಹೊಡೆದಂತೆ ಹೇಳಿದ್ದರು.

"ಅರಗನ್ನ ಕಣ್ಣಲ್ಲಿ ಕಣ್ಣಿಟ್ಟು ಕಾಯ್ತೀರಲ್ಲ, ನನ್ನನ್ನ ಯಾರು ಕಾಯ್ತಾರೆ?" ಅಂದಳು ಅತ್ತೆ.

ಮಾವ ಮರುದಿನ ಕಚೇರಿಗೆ ಹೋಗಿ ಸಾಹೇಬರ ಮುಂದೆ ನಿಂತ.

"ಏನಯ್ಯಾ, ಸೀಲು ಒಡೆದಿದೆಯಾ?" ಕೇಳಿದರು ಸಾಹೇಬರು.

"ಇಲ್ಲ ಸಾರ್, ಹಾಕಿದ ಹಾಗೇ ಇದೆ. ಆದ್ರೆ ಹೊಗೆ ಬರ್ತಿದೆ."

"ಸೀಲು ಇದೆ ಅಂದ್ರೆ ಕಾರ್ಖಾನೆ ಮುಚ್ಚಿದೆ. ಮುಚ್ಚಿದ ಕಾರ್ಖಾನೆಯಿಂದ ಹೊಗೆ ಹೇಗೆ ಬರುತ್ತೆ?"

"ಹಿಂಬಾಗಿಲಿಂದ ಜನ ಹೋಗಿ..."

"ನಿನ್ನ ಕಾವಲು ಮುಂಬಾಗಿಲಿಗೆ. ಹಿಂದೆ ಯಾಕೆ ನೋಡೋಕೆ ಹೋದೆ? ಸೀಲಿಗೆ ಏನಾದ್ರೂ ಆದ್ರೆ ಹೇಳು, ತಕ್ಷಣ ಬರ್ತೀವಿ."

ಬೆಂಕಿಯಿಲ್ಲದೆ ಹೊಗೆಯಾಡುವುದಿಲ್ಲ ಎನ್ನುವುದು ನಮ್ಮ ನಿಮ್ಮಂಥ ದಡ್ಡರ ಮಾತು. ಇಲಾಖೆಯ ಜ್ಞಾನವೇ ಬೇರೆ. ಆದರೂ ಸಾಹೇಬರ ಆ ಕೊನೆಯ ಮಾತನ್ನು ಮಾವ ಗಟ್ಟಿಯಾಗಿ ಹಿಡಿದುಕೊಂಡ. ಬಂದವನೇ ಕಲ್ಲೆತ್ತಿ ಮುದ್ರೆಯನ್ನೂ ಬೀಗವನ್ನೂ ಕುಟ್ಟಿ ಹಾಕಿ, ಬಾಗಿಲು ಹಾರುಹೊಡೆದು, ತಾನೇ ಕಚೇರಿಗೆ ಫೋನು ಮಾಡಿದ.

ಕೊಟ್ಟ ಮಾತಿಗೆ ತಪ್ಪದೆ ಅರ್ಧ ಗಂಟೆಯಲ್ಲಿ ಎರಡು ಜೀಪು ಬಂದವು. ಕರಿ ಹೊಗೆ ಸಾಹೇಬರ ಮುಖಕ್ಕೇ ನುಗ್ಗಿತು. ಅವರು ಕೆಮ್ಮಿ ಕೆಮ್ಮಿ ಕಣ್ಣೀರು ಹಾಕಿದರು. ಬಾಗಿಲು ಮುಚ್ಚಿಸಿ, ಮೊದಲಿಗಿಂತ ದೊಡ್ಡ ಮುದ್ರೆ ಹಾಕಿಸಿ ಹೊರಟರು. ಕಣ್ಣಾರೆ ಕಂಡಿದ್ದಾರೆ, ಇನ್ನು ಸುಮ್ಮನಿರಲಾರರು ಎಂದು ನಾವು ನಂಬಿದೆವು.

ಅವರು ಸುಮ್ಮನಿರಲಿಲ್ಲ. ವಾರದೊಳಗೆ ಮಾವನಿಗೇ ನೋಟಿಸು ಬಂತು. ಮುಚ್ಚಿದ್ದ ಕಾರ್ಖಾನೆಯ ಬಾಗಿಲು ತೆರೆದು ಸಾರ್ವಜನಿಕರ ಗಾಳಿಗೆ ಹೊಗೆ ಬಿಟ್ಟ ಅಪರಾಧ. ಕೆಲಸ ಹೋಯಿತು, ದಂಡವೂ ಬಿತ್ತು. ನಮ್ಮೂರಿನಲ್ಲಿ ಗಾಳಿ ಕೆಡಿಸಿದ್ದಕ್ಕೆ ಶಿಕ್ಷೆಯಾದ ಮೊದಲ ಮನುಷ್ಯ, ಸಿಗರೇಟನ್ನೂ ಮುಟ್ಟದ ನಮ್ಮ ಮಾವ. ಹೇಳಿಕೊಂಡು ನಗುತ್ತೇನೆ, ಹೊಟ್ಟೆ ಮಾತ್ರ ಉರಿಯುತ್ತದೆ.

ಅತ್ತೆ ಆ ಚಳಿಗಾಲ ದಾಟಲಿಲ್ಲ. ಇಲಾಖೆಯ ಲೆಕ್ಕದಲ್ಲಿ ಆ ವರ್ಷ ನಮ್ಮ ಓಣಿಯಲ್ಲಿ ಹೊಗೆಯೇ ಇರಲಿಲ್ಲ, ಮಾವ ಬಾಗಿಲು ತೆರೆದಿಟ್ಟ ಅರ್ಧ ಗಂಟೆಯನ್ನು ಬಿಟ್ಟರೆ.